ಸಾಕ್ಷಿಗೆ ತುಂಬಿದ ಉಡಿ

ಸಾಕ್ಷಿ ಯಾರೆಂಬುದು ಊರಿಗೆಲ್ಲ ಗೊತ್ತಾಗಬಾರದು ಎಂದು ಸರ್ಕಾರ ಒಬ್ಬ ಪೊಲೀಸನನ್ನು ಕಾವಲಿಗೆ ಕಳಿಸಿತು. ಅವನು ಬರುವ ತನಕ ಆ ಸಂಗತಿ ಹೊನವಾಡದ ನಾಲ್ಕಾರು ಮನೆಗಳಿಗಷ್ಟೇ ಗೊತ್ತಿತ್ತು. ಅವನು ಬಂದ ಮೇಲೆ ವಿಜಯಪುರದಿಂದ ತಿಕೋಟಾ ಮೇಲೆ ಹಾಯ್ದು ಹೊನವಾಡಕ್ಕೆ ಹೋಗುವ ಬಸ್ಸು ಹತ್ತಿದವರಿಗೆಲ್ಲ ಗೊತ್ತಾಯಿತು.

ಪೇದೆಯ ಹೆಸರು ಮಹಾದೇವ. ಮಫ್ತಿಯಲ್ಲಿರಬೇಕು ಎಂದು ಅವನಿಗೆ ಆದೇಶವಿತ್ತು. ಮಫ್ತಿ ಎಂದರೆ ಅವನ ಲೆಕ್ಕದಲ್ಲಿ ಖಾಕಿ ಪ್ಯಾಂಟಿನ ಮೇಲೆ ಚೌಕಡಿ ಅಂಗಿ, ಕಾಲಲ್ಲಿ ಇಲಾಖೆಯ ಕೆಂಪು ಬೂಟು. ಕಂಡಕ್ಟರ್ ಶೈಲಾಳ ಹಿಂದಿನ ಸೀಟಿನಲ್ಲಿ ಕುಳಿತು ಹತ್ತುವವರನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಮೊದಲ ದಿನವೇ ಪಕ್ಕದಲ್ಲಿ ಕೂತ ಅಜ್ಜನೊಬ್ಬ ತಡೆಯಲಾರದೆ ಕೇಳಿಯೇಬಿಟ್ಟ.

"ಸಾಹೇಬ್ರ, ಕಂಡಕ್ಟರ್ ಅಕ್ಕಾರು ಟಿಕೇಟಿನ ರೊಕ್ಕಾ ಏನರ ತಿಂದಾರೇನ್ರಿ?"

"ಏ, ಹಂಗೇನಿಲ್ರಿ. ಅವರು ಖೂನಿ ಕೇಸಿನ್ಯಾಗ ಸಾಕ್ಷಿ ಅದಾರ. ಯಾರ ಮುಂದೂ ಹೇಳಬ್ಯಾಡ್ರಿ."

ಅಜ್ಜ ತಿಕೋಟಾ ಬರುವ ತನಕ ಬಾಯಿ ಬಿಗಿಹಿಡಿದುಕೊಂಡು ಕೂತಿದ್ದ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಳ್ಳುವುದು ಯಾರಿಂದ ಸಾಧ್ಯ.

ಶೈಲಾ ಕಂಡದ್ದು ಇಷ್ಟು. ಹಿಂದಿನ ವರ್ಷದ ದ್ರಾಕ್ಷಿ ಸುಗ್ಗಿಯ ದಿನಗಳು. ಬೆಳಗಿನ ಬಸ್ಸು ಹೊನವಾಡದಲ್ಲಿ ನಿಂತಿತ್ತು. ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿದ್ದಳು. ಚಹಾದಂಗಡಿಯ ಎದುರು, ಊರಿನ ದೊಡ್ಡ ಒಣದ್ರಾಕ್ಷಿ ವ್ಯಾಪಾರಿ ಶಿವಶರಣಪ್ಪನ ಮಗ ಸಂಗನಬಸವ, ದ್ರಾಕ್ಷಿ ಚಪ್ಪರಕ್ಕೆ ಹಾಕುವ ಕಬ್ಬಿಣದ ಆಂಗಲ್ ಎತ್ತಿ ಪಾಂಡು ಎಂಬುವನ ತಲೆಗೆ ಹೊಡೆದ. ಬಿದ್ದ ಮೇಲೆ ಇನ್ನೊಮ್ಮೆ ಹೊಡೆದ. ಪಾಂಡು ಆ ಮನೆಯ ಪಿಕಪ್ ಗಾಡಿ ಓಡಿಸುತ್ತಿದ್ದವನು. ಅದನ್ನು ಬಿಟ್ಟು ಬೇರೊಬ್ಬ ವ್ಯಾಪಾರಿಯ ಗಾಡಿ ಹಿಡಿದದ್ದು ಅವನ ತಪ್ಪು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಇದನ್ನು ಕಂಡವರು ಮೊದಲ ದಿನ ಬಹಳ ಮಂದಿ ಇದ್ದರು. ಆಮೇಲೆ ದಿನ ಕಳೆದಂತೆ ಹೊನವಾಡದವರ ಕಣ್ಣುಗಳು ಮಂಜಾಗತೊಡಗಿದವು. ಚಹಾದಂಗಡಿಯ ಶಾಂತಪ್ಪ ಆ ಹೊತ್ತಿಗೆ ಬೆನ್ನು ತಿರುಗಿಸಿ ಚಹಾ ಸೋಸುತ್ತಿದ್ದನಂತೆ. ಬಸ್ಸಿನ ಕಿಟಕಿಗಳಲ್ಲಿ ಕೂತವರೆಲ್ಲ ಆಚೆ ಬದಿಯ ಕಿಟಕಿಯಲ್ಲಿ ಕೂತಿದ್ದರಂತೆ. ಶೈಲಾಳ ಜೋಡಿಯ ಡ್ರೈವರ್ ಲಾಡಲೇಸಾಬನನ್ನು ಪೊಲೀಸರು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಡ್ರೈವರನ ಕಣ್ಣ ಯಾವಾಗಲೂ ಮುಂದ ಇರಬೇಕ್ರಿ ಸಾಹೇಬ್ರ. ಹಿಂದಿನದು ಕಂಡಕ್ಟರ್ ಜವಾಬ್ದಾರಿ."

ಹಾಗಾಗಿ ಹಿಂದಿನದೆಲ್ಲ ಶೈಲಾಳ ಜವಾಬ್ದಾರಿಯಾಗಿ ಉಳಿಯಿತು. ಪೊಲೀಸರು ಕೇಳಿದರು, ಕಂಡದ್ದನ್ನು ಹೇಳಿದಳು. ಚೀಲ ಸೀಟಿನ ಮೇಲೆ ಇಡಬೇಡಿ ಎಂದು ಹೇಳುವಾಗ ಅವಳು ಎಷ್ಟು ಯೋಚಿಸುತ್ತಾಳೋ ಅಷ್ಟೇ ಯೋಚಿಸಿದ್ದಳು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಸರಿದ ಮೇಲೆ, ಮಾತು ನಿಂತಿರುವುದು ತನ್ನೊಬ್ಬಳ ಮೇಲೆ ಎಂಬುದು ಅವಳಿಗೆ ತಿಳಿಯಿತು. ಅವಳು ಹೇಳಿದರೆ ಸಂಗನಬಸವ ಒಳಗೆ, ಹೇಳದಿದ್ದರೆ ಪಾಂಡು ತನ್ನಷ್ಟಕ್ಕೆ ತಾನೇ ಎಡವಿ ಬಿದ್ದು ಸತ್ತಂತೆ.

ಮೊದಮೊದಲು ಬೆದರಿಕೆಗಳು ಬೆದರಿಕೆಗಳಂತೆಯೇ ಬಂದವು. ಶೈಲಾಳ ಗಂಡ ಹೇಮಂತ ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ವಿಜಯಪುರದ ಜಲನಗರದ ಮನೆಯಿಂದ ದಿನಾ ಗಾಡಿಯ ಮೇಲೆ ಹೋಗಿ ಬರುವವನು. ಅವನ ಹಿಂದೆ ನಂಬರಿಲ್ಲದ ಬೈಕೊಂದು ಶಾಲೆಯ ಗೇಟಿನವರೆಗೆ ಬರತೊಡಗಿತು. ಒಂದು ಸಂಜೆ ಫೋನಿನಲ್ಲಿ ಯಾರೋ, "ಮಾಸ್ತರ, ನಿಮ್ಮ ಮನಿಯಾಕಿ ಕಣ್ಣಿಗೆ ಛಲೋ ಡಾಕ್ಟರಿಗೆ ತೋರಸ್ರಿ" ಎಂದು ಹೇಳಿ ಇಟ್ಟರು. ಸರ್ಕಾರಿ ವಕೀಲರು ಶೈಲಾಳಿಂದ ಸಾಕ್ಷಿ ರಕ್ಷಣೆಯ ಅರ್ಜಿ ಹಾಕಿಸಿದರು. ಪೊಲೀಸರು ಬೆದರಿಕೆಯನ್ನು ಅಳೆದು ವರದಿ ಕೊಟ್ಟರು. ಕಾನೂನಿನಲ್ಲಿ ಬೆದರಿಕೆಗೆ ಮೂರು ದರ್ಜೆಗಳಿವೆ. ಜೀವಕ್ಕೆ ಬಂದದ್ದು ಮೊದಲನೆಯದು. ಸುರಕ್ಷತೆ, ಹೆಸರು, ಆಸ್ತಿಗೆ ಬಂದದ್ದು ಎರಡನೆಯದು. ಬರೀ ಪೀಡೆ ಕೊಡುವುದು ಮೂರನೆಯದು. ಶೈಲಾ ಎರಡನೆಯ ದರ್ಜೆಯಲ್ಲಿ ಪಾಸಾದಳು, ಮಹಾದೇವ ಬಂದ.

ಹೊನವಾಡದ ಬಸ್ಸನ್ನೇ ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಶೈಲಾ ಡಿಪೋದಲ್ಲಿ ಕೇಳಿದಳು ಕೂಡ. ಮಾರ್ಗ ಬದಲಿಸಲು ಗರ್ಭಿಣಿಯರಿಗೆ ಅವಕಾಶವಿದೆ, ಬೆನ್ನುಹುರಿ ಸರಿಯಿಲ್ಲದವರಿಗೆ ಅವಕಾಶವಿದೆ, ಸಾಕ್ಷಿಗಳಿಗೆ ಅಂಥ ನಿಯಮವಿಲ್ಲ ಎಂದರು. ಕಾವಲಿಗೆ ಪೊಲೀಸ್ ಕೊಟ್ಟಿದ್ದಾರಲ್ಲ, ಇನ್ನೇನು ಹೆದರಿಕೆ ಎಂದೂ ಕೇಳಿದರು. ಅವಳು ಚೀಲ, ಮಷೀನು ತೆಗೆದುಕೊಂಡು ಬಸ್ಸು ಹತ್ತಿದಳು.

ಮಹಾದೇವ ಬಂದ ವಾರದಲ್ಲೇ ಬೈಕು ಮಾಯವಾಯಿತು, ಫೋನು ನಿಂತಿತು. ಇಲಾಖೆಗೆ ಹೆಮ್ಮೆಯಾಯಿತು. ಅವುಗಳ ಬದಲು ಶಂಕ್ರೆವ್ವ ಬಂದಳು.

ಶಂಕ್ರೆವ್ವ ಸಂಗನಬಸವನ ತಾಯಿ, ಶಿವಶರಣಪ್ಪನ ಹೆಂಡತಿ. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಆ ಮನೆಗೆ ಹೋದ ಹೆಣ್ಣುಮಗಳು ಬರಿ ಉಡಿಯಲ್ಲಿ ಹೊರಗೆ ಬಂದದ್ದಿಲ್ಲ ಎಂದು ಊರಲ್ಲಿ ಮಾತು. ದ್ರಾಕ್ಷಿ ಬಿಡಿಸಲು ಬಂದ ಕೂಲಿಯವಳಿಗೂ ಸುಗ್ಗಿ ಮುಗಿದಾಗ ಉಡಿ ತುಂಬಿ ಕಳಿಸುವವಳು. ಒಬ್ಬರ ಮೇಲೂ ದನಿ ಎತ್ತಿದವಳಲ್ಲ. ದನಿ ಎತ್ತುವ ಕೆಲಸವನ್ನು ಅವಳ ಮಗ ಮಾಡುತ್ತಿದ್ದ.

ಮೊದಲು ಅವಳು ಮಹಾದೇವನಿಗೆ ರೊಟ್ಟಿ ತಂದಳು. ಬಸ್ಸು ಹೊನವಾಡದಲ್ಲಿ ತಿರುಗಿ ನಿಂತಾಗ ಕಿಟಕಿಯ ಹತ್ತಿರ ಬಂದು, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕೊಟ್ಟಳು.

"ಪರಊರಿನ ಹುಡುಗ, ಹಸಕೊಂಡ ಕುಂತಿ. ನಮ್ಮೂರಾಗ ಯಾರೂ ಹಸದ ಕುಂದರಬಾರದಪ್ಪ."

"ಬ್ಯಾಡ್ರಿ ಆಯಿ, ಡ್ಯೂಟಿ ಮ್ಯಾಲ ಅದೇನಿ."

"ಹೊಟ್ಟಿಗೆ ಎಲ್ಲಿ ಡ್ಯೂಟಿ."

ಇದಕ್ಕೆ ಇಲಾಖೆಯಲ್ಲಿ ಉತ್ತರ ಕಲಿಸಿರಲಿಲ್ಲ. ಮಹಾದೇವ ತಿಂದ. ಆಮೇಲೆ ದಿನಾ ತಿಂದ. ಕಾವಲಿಗೆ ಬಂದವನು ಹೊನವಾಡಕ್ಕೆ ಬಂದೊಡನೆ ಕಿಟಕಿಯಿಂದ ಹೊರಗೆ ನೋಡುವುದು ರೊಟ್ಟಿಯ ಗಂಟಿಗಾಗಿಯೇ ಎಂದು ಲಾಡಲೇಸಾಬ ಚಾಷ್ಟಿ ಮಾಡುತ್ತಿದ್ದ.

ಆಮೇಲೆ ಒಂದು ಶುಕ್ರವಾರ ಶಂಕ್ರೆವ್ವ ಬಸ್ಸಿನೊಳಕ್ಕೇ ಹತ್ತಿದಳು. ಹಿಂದೆ ಸೊಸೆ ನಂದಾ, ಕೈಯಲ್ಲಿ ಮುಚ್ಚಿದ ಬುಟ್ಟಿ. ಮಹಾದೇವನಿಗೆ ತಾನು ಪೊಲೀಸನೆಂಬುದು ನೆನಪಾಗಿ ಬುಟ್ಟಿ ತಪಾಸಣೆ ಮಾಡಿದ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಎಲೆ ಅಡಿಕೆ, ಗುಳೇದಗುಡ್ಡದ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ. ತೆಂಗಿನಕಾಯಿಯನ್ನು ಕೈಯಲ್ಲಿ ತೂಗಿ ನೋಡಿದ. ಇದರಿಂದ ಹೊಡೆಯಬಹುದೇ ಎಂದು ಯೋಚಿಸುತ್ತಿರುವಾಗಲೇ ಶಂಕ್ರೆವ್ವ, "ಅದನ್ನ ಹಂಗ ಹಿಡಕೊಂಡ ನಿಂದರಪಾ" ಎಂದಳು. ಅವನು ಹಿಡಿದುಕೊಂಡು ನಿಂತ.

"ಬಾ ತಂಗಿ. ನಮ್ಮೂರಿಗೆ ದಿನಾ ಬರತಿ. ಒಂದ ದಿನ ಉಡಿ ತುಂಬಸ್ಕೊಂಡ ಹೋಗಿಲ್ಲ. ನಮಗ ಹೆಂಗ ಅನಸಬೇಕ ಹೇಳು."

ಶೈಲಾ ಸೀಟಿನಿಂದ ಎದ್ದಳು. ಬೇಡವೆನ್ನಬೇಕು ಎಂಬುದು ಅವಳಿಗೆ ಗೊತ್ತಿತ್ತು. ಹಣ ಕೊಟ್ಟಿದ್ದರೆ ಮುಖಕ್ಕೆ ಎಸೆಯುತ್ತಿದ್ದಳು. ಆದರೆ ನಮ್ಮ ಕಡೆ ಉಡಿ ಬೇಡ ಎಂದ ಹೆಣ್ಣುಮಗಳು ಇನ್ನೂ ಹುಟ್ಟಿಲ್ಲ. ವೈರಿಯ ಮನೆಯಲ್ಲೂ ಕೈಗೆ ಬಂದ ಉಡಿಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ರೂಢಿ. ಅಲ್ಲದೆ ಶೈಲಾಳಿಗೆ ಇನ್ನೊಂದು ಕಷ್ಟವಿತ್ತು. ಅದು ಯಾವ ವರದಿಯಲ್ಲೂ ಇರಲಿಲ್ಲ.

ಅವಳ ತವರು ಇಟ್ಟಂಗಿಹಾಳ. ಜಲನಗರದಿಂದ ಗಾಡಿಯ ಮೇಲೆ ಹೋದರೆ ಚಹಾ ಆರುವುದರೊಳಗೆ ಮುಟ್ಟಬಹುದು. ಬೇರೆ ಜಾತಿಯ ಹೇಮಂತನನ್ನು ಮದುವೆಯಾದ ದಿನದಿಂದ ಅಣ್ಣ ಆ ಬಾಗಿಲು ಹಾಕಿದವನು ಮತ್ತೆ ತೆಗೆದಿರಲಿಲ್ಲ. ತಾಯಿ ಸತ್ತಾಗ ಅವಳನ್ನು ಊರ ಅಗಸಿ ಬಾಗಿಲಿನಿಂದಲೇ ತಿರುಗಿ ಕಳಿಸಿದ್ದರು. ನಾಗರ ಪಂಚಮಿ ಬಂದಾಗ ಓಣಿಯ ಹೆಂಗಸರೆಲ್ಲ ತವರಿಗೆ ಹೋಗಿ ಉಡಿ ತುಂಬಿಸಿಕೊಂಡು ಬರುತ್ತಿದ್ದರು. ಶೈಲಾ ಹೆಚ್ಚಿನ ಡ್ಯೂಟಿ ಹಾಕಿಸಿಕೊಂಡು ಅವರನ್ನೆಲ್ಲ ತವರಿಗೆ ಮುಟ್ಟಿಸುತ್ತಿದ್ದಳು.

ಅವಳು ಖಾಕಿ ಚೂಡಿದಾರದ ವೇಲನ್ನೇ ಸೆರಗು ಮಾಡಿ ಹಿಡಿದಳು. ಶಂಕ್ರೆವ್ವ ಹಣೆಗೆ ಕುಂಕುಮ ಹಚ್ಚಿ, ಮುಷ್ಟಿ ಮುಷ್ಟಿಯಾಗಿ ಅಕ್ಕಿ ಸುರಿದಳು. ನಂದಾ ಮೊಬೈಲಿನಲ್ಲಿ ಫೋಟೋ ತೆಗೆದಳು. ಮಹಾದೇವ ತೆಂಗಿನಕಾಯಿ ಕೊಟ್ಟ. ಬಸ್ಸಿನಲ್ಲಿದ್ದ ಹೆಂಗಸರು ನೋಡುತ್ತ ಕೂತರು. ಪಾಂಡುವಿನ ಹೆಂಡತಿ ಸಖೂಬಾಯಿಯೂ ಅವರಲ್ಲಿದ್ದಳು; ಗಂಡ ಹೋದ ಮೇಲೆ ತಿಕೋಟಾದ ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದವಳು.

"ತವರಮನಿ ಅಂತ ತಿಳಕೊ" ಎಂದಳು ಶಂಕ್ರೆವ್ವ. "ಪಂಚಮಿಗೆ ನಾನ ಕರಿಯಾಕ ಬರತೇನಿ."

ಕೇಸಿನ ಬಗ್ಗೆ ಒಂದು ಮಾತು ಆಡಲಿಲ್ಲ. ಇಳಿದು ಹೋದಳು. ಶೈಲಾ ಉಡಿ ಕಟ್ಟಿಕೊಂಡೇ ತಿಕೋಟಾದವರೆಗೆ ಟಿಕೇಟು ಹರಿದಳು.

ಆ ಸಂಜೆ ಹೇಮಂತ ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಟ್ಟ ಗಂಟನ್ನು ನೋಡಿ ಬಾಗಿಲಲ್ಲೇ ನಿಂತ.

"ಖೂನಿ ಮಾಡಿದವನ ಮನಿ ಅಕ್ಕಿ, ಶೈಲಾ."

"ಗೊತ್ತೈತ್ರಿ."

"ಇದರ ಅರ್ಥ ಏನಂತ ಗೊತ್ತೈತಿ?"

"ನಾ ಏನ ಸಣ್ಣ ಹುಡುಗಿ ಅಲ್ರಿ. ಅರ್ಥ ಬಸ್ಸಿನ್ಯಾಗ ಕುಂತವರಿಗೆಲ್ಲಾ ಗೊತ್ತಾಗೇತಿ."

"ಮತ್ತ ಯಾಕ ತುಂಬಸ್ಕೊಂಡಿ?"

ಶೈಲಾ ಖಣದ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದಳು. "ಬ್ಯಾರೆ ಯಾರು ತುಂಬ್ಯಾರ್ರಿ ನನಗ, ಇಷ್ಟ ವರ್ಷ."

ಹೇಮಂತ ಗಣಿತದ ಮಾಸ್ತರ. ಎಲ್ಲದಕ್ಕೂ ಒಂದು ಹಾದಿ ಇರುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವನು. ಆ ಮಾತಿಗೆ ಅವನಿಗೆ ಹಾದಿ ಕಾಣಲಿಲ್ಲ. ಮರುದಿನ ಅವಳು ಆ ಅಕ್ಕಿಯ ಹುಗ್ಗಿ ಮಾಡಿದಳು, ಇಬ್ಬರೂ ಉಂಡರು. ಹುಗ್ಗಿ ಚೆನ್ನಾಗಿತ್ತು.

ಮಹಾದೇವ ತನ್ನ ವರದಿಯಲ್ಲಿ ಕಂಡದ್ದನ್ನು ಕಂಡಂತೆಯೇ ಬರೆದ. ಆರೋಪಿಯ ಕಡೆಯವರಿಂದ ಸಾಕ್ಷಿಗೆ ಯಾವ ತೊಂದರೆಯೂ ಇಲ್ಲ, ಆರೋಪಿಯ ತಾಯಿ ಸಾಕ್ಷಿಗೆ ಉಡಿ ತುಂಬಿ ಗೌರವಿಸಿರುತ್ತಾರೆ, ಸಂಬಂಧ ಸೌಹಾರ್ದಯುತವಾಗಿರುತ್ತದೆ. ಪ್ರಾಮಾಣಿಕ ಮನುಷ್ಯ, ಸುಳ್ಳು ಬರೆಯುವವನಲ್ಲ. ಮೇಲಿನವರು ಓದಿದರು. ಸೌಹಾರ್ದದಿಂದ ಸಾಕ್ಷಿಯನ್ನು ಕಾಪಾಡಲು ಪೊಲೀಸರೇಕೆ ಬೇಕು. ಕಾವಲು ಹಿಂದಕ್ಕೆ ಹೋಯಿತು. ತೊಂದರೆಯಾದರೆ ಫೋನು ಮಾಡಿ ಎಂದು ಒಂದು ನಂಬರು ಕೊಟ್ಟರು.

ಹೋಗುವ ದಿನ ಮಹಾದೇವನಿಗೆ ನಿಜವಾಗಿಯೂ ಬೇಜಾರಾಗಿತ್ತು. ಅದರಲ್ಲಿ ರೊಟ್ಟಿಯ ಪಾಲೆಷ್ಟು, ಶೈಲಾಳ ಪಾಲೆಷ್ಟು ಎಂದು ಕೇಳುವುದು ಸರಿಯಲ್ಲ.

ಉಡಿಯನ್ನು ಏತಕ್ಕಾಗಿ ತುಂಬಿದ್ದರೆಂಬುದು ಮುಂದಿನ ತಿಂಗಳು ತಿಳಿಯಿತು. ಖೂನಿಯಾದಂದಿನಿಂದ ಜೈಲಿನಲ್ಲಿದ್ದ ಸಂಗನಬಸವನ ಜಾಮೀನು ಅರ್ಜಿ ಬಂದಾಗ ಸರ್ಕಾರಿ ವಕೀಲರು, ಇವನು ಹೊರಗೆ ಬಂದರೆ ಸಾಕ್ಷಿಯನ್ನು ಹೆದರಿಸುತ್ತಾನೆ ಎಂದು ವಾದಿಸಿದರು. ಅವನ ವಕೀಲ ನಕ್ಕು ಶಂಕ್ರೆವ್ವನ ಪ್ರಮಾಣಪತ್ರ ಮುಂದಿಟ್ಟ. ಶೈಲಾ ನಮ್ಮ ಮನೆಮಗಳಿದ್ದಂತೆ, ನಮಗೆ ಅವಳ ಮೇಲೆ, ಅವಳಿಗೆ ನಮ್ಮ ಮೇಲೆ ಯಾವ ದ್ವೇಷವೂ ಇಲ್ಲ, ಹಿಂದೆ ಇದ್ದುದೂ ಇಲ್ಲ ಎಂದು ಅದರಲ್ಲಿತ್ತು. ಜೊತೆಗೆ ಬಣ್ಣದ ಫೋಟೋ. ಶೈಲಾ ವೇಲು ಒಡ್ಡಿ ತಲೆ ಬಾಗಿಸಿ ನಿಂತಿದ್ದಾಳೆ, ಪಕ್ಕದಲ್ಲಿ ಸರ್ಕಾರದ ಪೊಲೀಸ ತೆಂಗಿನಕಾಯಿ ಹಿಡಿದು ನಿಂತಿದ್ದಾನೆ. ಜಾಮೀನು ಸಿಕ್ಕಿತು.

ಸರ್ಕಾರಿ ವಕೀಲರು ಶೈಲಾಳನ್ನು ಕರೆಸಿದರು. ಮೈ ಉರಿಯುತ್ತಿದ್ದರೂ ಮರ್ಯಾದೆ ಬಿಡದ ಮನುಷ್ಯ.

"ನಿಮ್ಮನ್ನ ಕಾಪಾಡಾಕ ಇಡೀ ಯೋಜನಾನ ಓದಿ ಅರ್ಜಿ ಹಾಕಿದ್ದೆವ್ರಿ ನಾವು. ಊರು ಬದಲಿ ಮಾಡಬಹುದು, ಹೆಸರು ಬದಲಿ ಮಾಡಬಹುದು, ಪರದೆ ಕಟ್ಟಿ ಸಾಕ್ಷಿ ಹೇಳಿಸಬಹುದು. ಉಡಿ ತುಂಬಾಕ ಬಂದ್ರ ಏನ ಮಾಡಬೇಕಂತ ಅದರಾಗಿಲ್ರಿ."

"ನಾ ಸಾಕ್ಷಿ ಹೇಳಂಗಿಲ್ಲ ಅಂದೇನೇನ್ರಿ?"

"ಹೇಳತೀರೇನು?"

ಅದು ಶೈಲಾಳಿಗೇ ಗೊತ್ತಿರಲಿಲ್ಲ. ಉಡಿ ತುಂಬಿದವರಿಗೆ ಎದುರು ನಿಲ್ಲಬಾರದು ಎಂದು ಅವಳ ತಾಯಿ ಸಣ್ಣವಳಿದ್ದಾಗ ಹೇಳಿದ್ದು ನಿಜ. ತನ್ನನ್ನು ಫೋಟೋ ಮಾಡಿ ಕೋರ್ಟಿಗೆ ಕೊಟ್ಟರು ಎಂದು ಸಿಟ್ಟು ಬಂದದ್ದೂ ನಿಜ. ಹಾಗಿದ್ದೂ ಪಂಚಮಿಗೆ ಎಷ್ಟು ದಿನ ಉಳಿಯಿತು ಎಂದು ಕ್ಯಾಲೆಂಡರಿನ ಹಾಳೆ ತಿರುವಿ ನೋಡದೆ ಇರಲು ಆಗುತ್ತಿರಲಿಲ್ಲ.

ಜಾಮೀನಿನ ಮೇಲೆ ಬಂದ ಸಂಗನಬಸವ ಒಂದು ಬೆಳಿಗ್ಗೆ ಹೊನವಾಡದಲ್ಲಿ ಬಸ್ಸು ಹತ್ತಿದ. ಚೊಕ್ಕ ಬಿಳಿ ಅಂಗಿ. ವಿಜಯಪುರಕ್ಕೆ ಟಿಕೇಟು ಕೇಳಿ, ಚಿಲ್ಲರೆ ಸರಿಯಾಗಿ ಕೊಟ್ಟ.

"ಅಕ್ಕಾ, ಆರಾಮ ಅದಿ?"

"ಅದೇನಿ."

"ಭಾವ ದಿನಾ ಬಬಲೇಶ್ವರಕ್ಕ ಗಾಡಿ ಮ್ಯಾಲ ಹೋಗತಾರಲ್ಲ. ರಸ್ತಾ ಬರೋಬ್ಬರಿ ಇಲ್ಲ. ಕಬ್ಬಿನ ಲಾರಿ ಭಾಳ ಓಡಾಡತಾವ. ಸಾವಕಾಶ ಹೋಗಂತ ಹೇಳು."

ಅಷ್ಟು ಹೇಳಿ ಹಿಂದೆ ಹೋಗಿ ಕುಳಿತ. ಶೈಲಾಳ ಕೈಯಲ್ಲಿನ ಮಷೀನು ಒಂದೇ ಟಿಕೇಟನ್ನು ಎರಡು ಸಲ ಹೊಡೆಯಿತು. ಸಂಜೆ ಪೊಲೀಸರು ಕೊಟ್ಟಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿದವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅವನು ಅಕ್ಕಾ ಎಂದನೇ? ಹೌದು. ಭಾವ ಎಂದನೇ? ಹೌದು. ನಿಧಾನವಾಗಿ ಹೋಗಲಿ ಎಂದನೇ? ಹೌದು. ಹಾಗಾದರೆ ದೂರಿನಲ್ಲಿ ಏನೆಂದು ಬರೆಯುವುದು ಎಂದು ಕೇಳಿದರು. ಶೈಲಾ ಫೋನು ಇಟ್ಟಳು. ಮರುದಿನ ಬೆಳಿಗ್ಗೆ ಗಂಡ ಗಾಡಿ ಒದೆಯುವಾಗ ಹೊರಗೆ ಬಂದು, "ಬಸ್ಸಿಗೆ ಹೋಗ್ರಿ ನೀವು" ಎಂದಳು. ಅವನು ಅವಳ ಮುಖ ನೋಡಿ ಗಾಡಿಯನ್ನು ಒಳಗೆ ನಿಲ್ಲಿಸಿದ.

ಸಾಕ್ಷಿ ಹೇಳುವ ತಾರೀಖು ಆಷಾಢದಲ್ಲಿ ಬಂತು. ಸಮನ್ಸು ಬಂದ ಮರುದಿನ ಬಸ್ಸಿನಲ್ಲಿ ಸಖೂಬಾಯಿ ಮುಂದಿನ ಸೀಟಿಗೆ ಬಂದು ಕುಳಿತಳು. ಅಷ್ಟು ದಿನ ಹತ್ತಿದಾಗ ಪುಕ್ಕಟೆ ಟಿಕೇಟಿಗೆ ಆಧಾರ್ ಕಾರ್ಡು ತೋರಿಸುವುದಷ್ಟೇ ಅವರಿಬ್ಬರ ನಡುವಿನ ಮಾತು. ಉಡಿಯ ದಿನದಿಂದ ಶೈಲಾ ಅವಳ ಮುಖ ನೋಡಿ ಚೀಟಿ ಕೊಟ್ಟದ್ದೇ ಇಲ್ಲ.

"ಅಕ್ಕಾರ, ಒಂದ ಮಾತ ಕೇಳ್ಲೇನ್ರಿ?"

"ಕೇಳು."

"ಆ ಖಣಾ ಹೊಲಿಸಿದ್ರೇನ್ರಿ?"

"ಇಲ್ಲ."

"ಹೊಲಸ್ರಿ. ಛಲೋ ಖಣ ಅದಾವ ಅವರವು. ನನ್ನ ಮದಿವ್ಯಾಗ ನನಗೂ ತುಂಬಿದ್ರು ಅವರ. ನಮ್ಮ ಮನಿಯವರು ಅವರ ಮನ್ಯಾಗ ದುಡಿತಿದ್ರಲ್ರಿ. ತವರಮನಿ ಅಂತ ತಿಳಕೊ ಅಂದ್ರು. ವರ್ಷಾ ಪಂಚಮಿಗೆ ಕರದು ತುಂಬತಿದ್ರು." ಸಖೂಬಾಯಿ ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಸರಿಮಾಡಿಕೊಂಡಳು. "ಹೋದ ಪಂಚಮಿಗೆ ತುಂಬಲಿಲ್ರಿ. ಅವರದೇನೂ ತಪ್ಪಿಲ್ಲ. ಗಂಡ ಸತ್ತ ರಂಡಿ ಮುಂಡಿಗೆ ಯಾರು ಉಡಿ ತುಂಬತಾರ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚುಚ್ಚಬೇಕೆಂದು ಅವಳು ಆಡಿದ ಮಾತೂ ಅಲ್ಲ. ಅಷ್ಟು ಬುದ್ಧಿವಂತಿಕೆ ಮಾಡುವ ಹೆಂಗಸಲ್ಲ ಅವಳು. ಶಂಕ್ರೆವ್ವ ತಪ್ಪು ಮಾಡಿದಳೆಂದು ಅವಳಿಗೆ ನಿಜಕ್ಕೂ ಅನ್ನಿಸಿರಲಿಲ್ಲ. ಆ ಮನೆಯ ಮಗನೇ ತನ್ನ ಗಂಡನನ್ನು ಕೊಂದ, ಗಂಡ ಸತ್ತನೆಂದು ಆ ಮನೆಯ ತಾಯಿಯೇ ಉಡಿ ನಿಲ್ಲಿಸಿದಳು ಎಂದು ಅವಳು ಒಂದಕ್ಕೊಂದು ಕೂಡಿಸಿ ನೋಡಿರಲಿಲ್ಲ. ಕೂಡಿಸಿದವಳು ಶೈಲಾ. ತಿಕೋಟಾ ಬಂದು ಸಖೂಬಾಯಿ ಇಳಿದು ಹೋದ ಮೇಲೂ ಅವಳು ಗಂಟೆ ಹೊಡೆಯುವುದನ್ನು ಮರೆತು ನಿಂತಿದ್ದಳು, ಲಾಡಲೇಸಾಬ ಕನ್ನಡಿಯಲ್ಲಿ ನೋಡಿ, "ರೈಟ್ ಅನ್ರಿ ಬಾಯಾರ" ಎಂದು ಕೂಗಬೇಕಾಯಿತು.

ಕೋರ್ಟಿನಲ್ಲಿ ಸಂಗನಬಸವನ ವಕೀಲ ಬಹಳ ನೆಮ್ಮದಿಯಿಂದ ಬಂದಿದ್ದ. ಮನೆಮಗಳು ಬರುತ್ತಾಳೆ, ಸರಿಯಾಗಿ ಕಾಣಲಿಲ್ಲ ಎನ್ನುತ್ತಾಳೆ, ಊಟದ ಹೊತ್ತಿಗೆ ಮನೆಗೆ ಹೋಗಬಹುದು. ಶೈಲಾ ಪ್ರಮಾಣ ಮಾಡಿ, ಆಂಗಲ್ ಎತ್ತಿದ್ದು ಯಾರು, ಹೊಡೆದದ್ದು ಎಷ್ಟು ಸಲ, ಪಾಂಡು ಯಾವ ಕಡೆ ತಲೆ ಮಾಡಿ ಬಿದ್ದ ಎಂಬುದನ್ನೆಲ್ಲ ಹೇಳಿ, ಸಂಗನಬಸವನತ್ತ ಕೈ ತೋರಿಸಿದಳು. ವಕೀಲ ತನ್ನ ಕಕ್ಷಿದಾರನ ಕಡೆ ತಿರುಗಿ ನೋಡಿದ. ಕಕ್ಷಿದಾರ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿಯ ಕಡೆ ನೋಡಿದ.

ಇನ್ನು ಸಾಕ್ಷಿಯನ್ನು ಸುಳ್ಳಿ ಎಂದು ತೋರಿಸಬೇಕು. ಕಣ್ಣು ಮಂಜು ಎನ್ನಲು ಅವಳು ಕನ್ನಡಕದವಳಲ್ಲ. ದೂರವಿದ್ದಳು ಎನ್ನಲು ಬಸ್ಸಿನ ಬಾಗಿಲು ಅಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ವಕೀಲರ ಕೈಯಲ್ಲಿ ಉಳಿಯುವುದು ಒಂದೇ ಅಸ್ತ್ರ. ಊರಿನ ಕೋಳಿ ಕಳವಿನಿಂದ ಖೂನಿಯವರೆಗೆ ಎಲ್ಲ ಕೇಸಿನಲ್ಲೂ ಅದನ್ನೇ ಬಿಡುತ್ತಾರೆ. ಅಭ್ಯಾಸಬಲದಿಂದ ಅವನೂ ಬಿಟ್ಟ.

"ಆರೋಪಿಯ ಮನೆತನದ ಮೇಲೆ ನಿಮಗೆ ಹಳೇ ದ್ವೇಷ ಇದೆ. ಆ ದ್ವೇಷದಿಂದ ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ ಅಂತ ನಾನು ಹೇಳುತ್ತೇನೆ."

"ದ್ವೇಷ ಇದ್ದವರ ಕೈಲೆ ಯಾರರ ಉಡಿ ತುಂಬಿಸ್ಕೋತಾರೇನ್ರಿ?" ಎಂದಳು ಶೈಲಾ. "ಅವರ ಮನಿಮಗಳು ಅದೇನಿ ನಾ. ನಾ ಅಂದದ್ದಲ್ರಿ, ನೀವ ಬರಕೊಟ್ಟೀರಿ."

ಸರ್ಕಾರಿ ವಕೀಲರು ಬಹಳ ಮೆಲ್ಲಗೆ ಎದ್ದು, ಜಾಮೀನಿಗಾಗಿ ಆರೋಪಿಯ ಕಡೆಯವರೇ ಕೊಟ್ಟ ಪ್ರಮಾಣಪತ್ರವನ್ನು ನ್ಯಾಯಾಧೀಶರ ಮುಂದೆ ಇಟ್ಟರು. ಇವತ್ತೂ ದ್ವೇಷವಿಲ್ಲ, ಹಿಂದೆ ಇದ್ದುದೂ ಇಲ್ಲ. ನ್ಯಾಯಾಧೀಶರು ಓದಿದರು, ಫೋಟೋ ನೋಡಿದರು, ಕನ್ನಡಕ ತೆಗೆದು ವಕೀಲನ ಮುಖ ನೋಡಿದರು. ಇನ್ನೇನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ಇರಲಿಲ್ಲ. ಕಾನೂನು ಕೊಟ್ಟ ಕಾವಲು ರೊಟ್ಟಿ ತಿಂದು ಹೋಗಿತ್ತು. ಕೊನೆಗೆ ಶೈಲಾಳ ಮಾತನ್ನು ಕಾಪಾಡಿದ್ದು ಶಂಕ್ರೆವ್ವನ ಅಕ್ಕಿ.

ಸಾಕ್ಷಿಕಟ್ಟೆ ಇಳಿದು ಹೊರಗೆ ಬಂದಾಗ ಪಡಸಾಲೆಯಲ್ಲಿ ಬೆಂಚಿನ ಮೇಲೆ ಶಂಕ್ರೆವ್ವ ಕೂತೇ ಇದ್ದಳು. ಶೈಲಾ ಬೇರೆ ಹಾದಿ ಹುಡುಕಲಿಲ್ಲ. ಎದುರಿಗೆ ಹೋಗಿ ನಿಂತಳು.

"ಎಲ್ಲಾ ಹೇಳಿದೇನು?" ಶಂಕ್ರೆವ್ವ ಕೇಳಿದಳು.

"ಹ್ಞೂಂ, ಎಲ್ಲಾ ಹೇಳೇನ್ರಿ ಅವ್ವಾರ."

ಶಂಕ್ರೆವ್ವ ತಲೆ ಅಲ್ಲಾಡಿಸಿದಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದಳು.

"ಪಂಚಮಿಗೆ ಕರಿಯಾಕ ಬರತೇನಿ ಅಂದಿದ್ದೆ. ದಾರಿ ನೋಡಬ್ಯಾಡ."

ಅವಳು ನಂದಾಳ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದಳು. ಆ ದಿನ ಕೋರ್ಟಿನ ಬಂದೋಬಸ್ತಿಗೆ ಬಂದಿದ್ದ ಮಹಾದೇವ ದೂರದಿಂದ ಇದನ್ನು ನೋಡಿ ಓಡಿ ಬಂದ. ಈ ಸಲ ಪೂರಾ ಖಾಕಿಯಲ್ಲಿದ್ದ. ಜೇಬಿನಿಂದ ಪೆನ್ನು ತೆಗೆದಿದ್ದ.

"ಏನಂದ್ರು ಆಯಿ? ಧಮಕಿ ಹಾಕಿದ್ರೇನ್ರಿ ಅಕ್ಕಾರ? ಹೇಳ್ರಿ, ಈಗಿಂದೀಗ ಬರದು ಕೊಡತೇನಿ."

"ಪಂಚಮಿಗೆ ಬರಬ್ಯಾಡ ಅಂದ್ರು."

"ಅಷ್ಟ ಏನ್ರಿ?" ಮಹಾದೇವ ಉಸಿರು ಬಿಟ್ಟು ಪೆನ್ನನ್ನು ಜೇಬಿಗೆ ಸಿಕ್ಕಿಸಿದ. "ನಾ ಮತ್ತೇನರ ಅಂದ್ರೇನೋ ಅಂತ ಅಂಜಿದ್ದೆ."

"ಅಷ್ಟ" ಎಂದಳು ಶೈಲಾ.

ಮೆಟ್ಟಿಲ ಹತ್ತಿರ ಬಂದು ಅಲ್ಲೇ ಕುಳಿತುಬಿಟ್ಟಳು. ಬೈಕು ಬೆನ್ನು ಹತ್ತಿದಾಗ ಅಳದವಳು, ಸಂಗನಬಸವನ ಮುಖದೆದುರು ಕೈ ತೋರಿಸಿ ನಿಂತವಳು, ಹೋಗಿ ಬರುವ ಜನರೆಲ್ಲ ನೋಡುವಂತೆ ವೇಲು ಬಾಯಿಗೆ ಒತ್ತಿ ಅತ್ತಳು. ಅದು ಸುಳ್ಳು ತವರು ಎಂದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಸುಳ್ಳಾದರೂ ಒಂದು ಇರಲಿ ಎಂದು ಇಷ್ಟು ದಿನ ಇಟ್ಟುಕೊಂಡಿದ್ದಳು.